ದೋಣಿಗೆ ಬಳಿದ ಮೈಲುತುತ್ತ

ನನಗೆ ನೀರೆಂದರೆ ಭಯ. ಸಣ್ಣಪುಟ್ಟ ಭಯವಲ್ಲ. ಬಚ್ಚಲ ತೊಟ್ಟಿ ತುಂಬಿ ಚೆಲ್ಲುವ ಸದ್ದು ಕೇಳಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವವಳು ನಾನು. ತಿಪಟೂರಿನ ಪೇಟೆಯಲ್ಲಿ, ಕೊಬ್ಬರಿ ಮಂಡಿಗಳ ಮಗ್ಗುಲಲ್ಲಿ ಬೆಳೆದ ನನಗೆ ಕೆರೆ ಎಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಒಣ ಬಯಲು, ಅದರೊಳಗೆ ಜಾಲಿ ಗಿಡ, ಮೇಯುವ ಕುರಿ. ಮದುವೆಯಾಗಿ ಶೆಟ್ಟಿಕೆರೆ ಕಡೆಯ ಈ ಹಳ್ಳಿಗೆ ಬಂದಾಗಲೂ ಊರ ಕೆರೆ ಹಾಗೆಯೇ ಇತ್ತು. ನಮ್ಮ ತೆಂಗಿನ ತೋಟ ಇರುವುದು ಕೆರೆಯ ಆಚೆ. ಕೆರೆಯಂಗಳದ ನಡುವೆ, ಸ್ವಲ್ಪ ಎತ್ತರದಲ್ಲಿ, ಒಂದು ಸೊಟ್ಟ ಗಾಡಿದಾರಿ ಇತ್ತು. ನನ್ನ ಗಂಡ, ಅತ್ತೆ, ನಾನು ಎಲ್ಲರೂ ಅದರ ಮೇಲೆ ನಡೆದೇ ತೋಟಕ್ಕೆ ಹೋಗಿ ಬರುತ್ತಿದ್ದೆವು. ಕೆರೆಯ ಹೊಟ್ಟೆಯೊಳಗೆ ಓಡಾಡುತ್ತಿದ್ದೇನೆ ಎಂದು ಒಂದು ದಿನವೂ ನನಗೆ ಅನಿಸಿರಲಿಲ್ಲ.

ಆಮೇಲೆ ಹೇಮಾವತಿ ನಾಲೆಯ ನೀರು ನಮ್ಮ ಕೆರೆಗೂ ಬಂತು. ಊರಿಗೆ ಊರೇ ಏರಿಯ ಮೇಲೆ ನಿಂತು ನೋಡಿತು. ನಾನೂ ಸೆರಗು ಹೊದ್ದು, ನೀರಿಗೆ ಅರಿಶಿನ ಕುಂಕುಮ ಹಾಕಿ ಕೈಮುಗಿದೆ. ಸುಳ್ಳೇಕೆ, ಆಗ ಸಂತೋಷವೇ ಆಗಿತ್ತು. ಬತ್ತಿದ್ದ ಕೊಳವೆ ಬಾವಿಗಳಲ್ಲಿ ನೀರು ಮೇಲೆ ಬಂತು, ಮರಗಳ ಸುಳಿಗೆ ಬಣ್ಣ ಬಂತು. ಆದರೆ ಗಾಡಿದಾರಿ ಮುಳುಗಿತು. ಏರಿಯ ಮೇಲೆ ಸುತ್ತಿಕೊಂಡು ಹೋಗಬಹುದಿತ್ತು. ಕೋಡಿ ಬಿದ್ದು ನೀರು ಹರಿಯತೊಡಗಿದ ಮೇಲೆ ಆ ದಾರಿಯೂ ಬಂದ್ ಆಯಿತು. ತೋಟ ಕಣ್ಣೆದುರಿಗೇ ಕಾಣುತ್ತದೆ, ಕಾಲಿಡಲು ಆಗುವುದಿಲ್ಲ. ಕಾಯನ್ನು ಅಲ್ಲೇ ಯಾರಿಗಾದರೂ ಮಾರಿಬಿಡೋಣ ಎಂದೆ. ಅತ್ತೆ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ನಮ್ಮ ಕಡೆ ಕಾಯಿ ಮನೆಯ ಅಟ್ಟ ಸೇರಬೇಕು. ಅಲ್ಲಿ ವರ್ಷದ ಹತ್ತಿರ ಹತ್ತಿರ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಗಿಟುಕು ಕೊಬ್ಬರಿ ಆದ ಮೇಲೆಯೇ ಒಡೆಯುವುದು. ಅಟ್ಟ ಬರಿದಾಗಿರುವ ಮನೆ ಅತ್ತೆಯ ಲೆಕ್ಕದಲ್ಲಿ ಮನೆಯೇ ಅಲ್ಲ.

ಹಾಗಾಗಿ ದೋಣಿ ಬಂತು. ಯಾವುದೋ ಊರಿನ ಪಾರ್ಕಿನ ಕೊಳದಲ್ಲಿ ಜನರನ್ನು ಕೂರಿಸಿಕೊಂಡು ತಿರುಗಿಸುತ್ತಿದ್ದ ಹಳೆಯ ಅಲ್ಯೂಮಿನಿಯಂ ದೋಣಿ. ನನ್ನ ಗಂಡ ಯಾರದೋ ಕೈಯಲ್ಲಿ ಮಾತಾಡಿಸಿ ಅದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಇಡೀ ಬೀದಿ ಸುತ್ತ ನೆರೆಯಿತು. ಒಬ್ಬರು ಬೆರಳ ಗೆಣ್ಣಿನಿಂದ ಠಣ್ ಠಣ್ ಎಂದು ಬಡಿದು ನೋಡಿ, "ಒಳ್ಳೆ ಪಾತ್ರೆ ಕಣಪ್ಪ, ಒಂದು ಮದ್ವೆ ಸಾರು ಕಾಯಿಸ್ಬೌದು" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಈಜು ಬರುವವರು ಯಾರೂ ಇಲ್ಲ. ಮೂವತ್ತು ಅಡಿ ಮರ ಹತ್ತು ಎಂದರೆ ಹತ್ತುವ ಜನ, ಸೊಂಟದುದ್ದ ನೀರಿಗಿಳಿ ಎಂದರೆ ಹಿಂದೆ ಮುಂದೆ ನೋಡುತ್ತೇವೆ.

"ಇದು ತೂತುಗೀತು ಬಿದ್ರೆ ಏನ್ರೀ ಗತಿ?" ಎಂದು ಕೇಳಿದೆ.

"ಕಬ್ಬಿಣ ಅಲ್ಲ ಕಣೇ ಇದು, ತುಕ್ಕು ಹಿಡಿಯಾಕೆ. ಅಲ್ಯೂಮಿನಿಯಂ. ಸಮುದ್ರದ ಉಪ್ಪುನೀರಾಗಿದ್ರೆ ಬ್ಯಾರೆ ಮಾತು. ನಮ್ಮದು ಸಿಹಿನೀರು. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ ಬುಡು."

ಆ "ಏನೂ ಆಗಲ್ಲ ಬುಡು" ಅವರ ತಾಳಿ ಇದ್ದಂತೆ. ಸದಾ ಕೊರಳಲ್ಲಿ. ಹಾವು ಕಂಡರೂ ಅದೇ, ಜ್ವರ ಬಂದರೂ ಅದೇ. ನಾನು ಗ್ಯಾಸಿನ ನಲ್ಲಿ ತಿರುಗಿಸಿದ್ದೇನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸ್ ಬರುವವಳು. ಇಂಥ ಇಬ್ಬರನ್ನು ಯಾವ ಜೋಯಿಸರು ಕೂಡಿಸಿದರೋ, ಅವರು ಸಿಕ್ಕಿದರೆ ನಾಲ್ಕು ಮಾತು ಕೇಳುವುದಿದೆ.

ದೋಣಿಯ ಜೊತೆಗೆ ಕಿತ್ತಳೆ ಬಣ್ಣದ ಒಂದು ಲೈಫ್ ಜಾಕೆಟ್ ಬಂದಿತ್ತು. ಅದನ್ನು ಹಾಕಿಕೊಳ್ಳಿ ಎಂದು ಗಂಡನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಅವರು ಅದನ್ನು ಮಡಿಸಿ ಕುಂಡಿಯ ಕೆಳಗೆ ಹಾಕಿಕೊಂಡರು, ಹಲಗೆ ಒತ್ತುತ್ತದೆ ಎಂದು. ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವುದು, ಆಚೆ ದಡ ಮುಟ್ಟಿದ ಮೇಲೆ ನನಗೊಂದು ಫೋನು ಮಾಡುವುದು, ಇಷ್ಟಕ್ಕೆ ಮಾತ್ರ ಒಪ್ಪಿಸಿದ್ದೆ. ಆ ಫೋನು ಬರುವ ತನಕ ನಾನು ಒಲೆಯ ಮುಂದೆ ನಿಂತಿದ್ದರೂ ಜೀವ ಕೆರೆಯಲ್ಲೇ. ಎಷ್ಟು ಸಲ ಮುದ್ದೆಯ ಎಸರು ಉಕ್ಕಿ ಒಲೆ ಆರಿದೆಯೋ. ಫೋನು ಬರುತ್ತಿತ್ತು. "ತಲುಪ್ದೆ ಕಣೇ. ಒಲೆ ನೋಡ್ಕ." ಅಷ್ಟೇ.

ದೋಣಿಯನ್ನು ದಡಕ್ಕೆಳೆದು ಒಣಗಿಸುವ ಪದ್ಧತಿ ನಮಗೆ ಗೊತ್ತಿರಲಿಲ್ಲ. ಹಸುವನ್ನು ಗೂಟಕ್ಕೆ ಕಟ್ಟುವ ಹಾಗೆ ಅದನ್ನು ನೀರಲ್ಲೇ ಜಾಲಿ ಮರಕ್ಕೆ ಕಟ್ಟಿಬಿಡುತ್ತಿದ್ದೆವು. ಹತ್ತಿ ಇಳಿಯುವಾಗ ಕಾಲು ಜಾರುತ್ತದೆ, ಕಾಯಿ ಹಾಕಿದಾಗ ದಡಬಡ ಸದ್ದಾಗುತ್ತದೆ ಎಂದು ಅತ್ತೆ ಅದರ ಒಳಗೆ ತೆಂಗಿನ ಮಟ್ಟೆ ಸಿಪ್ಪೆಯನ್ನು ಹಾಸಿದರು. ತೆಂಗಿನ ನಾಡಿನವರಿಗೆ ಸಿಪ್ಪೆ ಸಿಕ್ಕಿದ ಕಡೆ ಎಲ್ಲ ಹಾಸುವುದೇ: ಮರದ ಬುಡಕ್ಕೆ, ಕೊಟ್ಟಿಗೆಗೆ, ಬಚ್ಚಲ ಹಿಂದಿನ ಕೆಸರಿಗೆ. ಮೆತ್ತಗೆ ಚೆನ್ನಾಗಿತ್ತು. ಕೆಳಗೆ ನೀರು ನಿಂತು ಚಹಾದ ಬಣ್ಣಕ್ಕೆ ತಿರುಗಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಗೌರಿ ಹಬ್ಬ ಹತ್ತಿರ ಬಂದಾಗ ಮನೆಯಲ್ಲಿರುವುದನ್ನೆಲ್ಲ ತೊಳೆದೆ. ದೋಣಿ ಮಾತ್ರ ಯಾಕೆ ಬಿಡಬೇಕು ಎಂದು ಅದನ್ನೂ ಮೇಲಕ್ಕೆ ಎಳೆಸಿದೆ. ಕೊಳೆತ ಸಿಪ್ಪೆಯನ್ನು ಬಾಚಿ ತೆಗೆದರೆ ತಳದ ತುಂಬ ಬಿಳಿ ಗುಳ್ಳೆ. ಅಲಸಂದೆ ಕಾಳಿನಷ್ಟು ಕೆಲವು, ಸಾಸಿವೆಯಷ್ಟು ಕೆಲವು. ಉಗುರಿನಿಂದ ಕೆರೆದರೆ ಬೂದಿಯ ಹಾಗೆ ಬಿಳಿ ಪುಡಿ ಉದುರಿತು, ಅದರಡಿಯಲ್ಲಿ ಸಣ್ಣ ಕುಳಿ. ದೋಣಿಯನ್ನು ಮಗುಚಿದೆವು. ಹೊರಗೂ ಬಣ್ಣ ಎದ್ದುಹೋದ ಕಡೆ ಅದೇ. ಹುಣಸೆಹುಳಿಯ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಹೀಗೆಯೇ ಆಗುತ್ತದೆ. ಅಂಥ ಪಾತ್ರೆಯನ್ನು ಬೆಳಕಿಗೆ ಹಿಡಿದಾಗ ನಕ್ಷತ್ರ ಕಂಡದ್ದುಂಟು.

ಗಂಡನನ್ನು ಕರೆದು ತೋರಿಸಿದೆ. ಅವರು ಕುಕ್ಕರಗಾಲಲ್ಲಿ ಕೂತು, ಮರವನ್ನು ನೋಡುವ ಹಾಗೇ ದೋಣಿಯ ಮೈಯನ್ನು ಸವರಿ ಸವರಿ ನೋಡಿದರು. ಆ ವರ್ಷ ತೋಟದಲ್ಲಿ ಕೆಲವು ಮರಗಳಿಗೆ ರಸ ಸೋರುವ ರೋಗ ಬಂದಿತ್ತು. ಕಾಂಡ ಬಿರಿದು ಕೆಂಪಗೆ ಅಂಟು ಇಳಿಯುತ್ತದೆ. ಕೊಳೆತ ಭಾಗವನ್ನು ಕೆತ್ತಿ ತೆಗೆದು, ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ಮುಲಾಮನ್ನು ಗಾಯಕ್ಕೆ ಬಳಿಯುತ್ತೇವೆ. ಬೋರ್ಡೋ ಪೇಸ್ಟು ಎನ್ನುತ್ತಾರೆ. ಹಿಂದಿನ ದಿನವಷ್ಟೇ ಬಳಿದದ್ದರಿಂದ ಪ್ಲಾಸ್ಟಿಕ್ ಬಕೆಟ್ಟಿನ ತಳದಲ್ಲಿ ಇನ್ನೂ ಉಳಿದಿತ್ತು.

"ಇದಕ್ಕೂ ಅದೇ ಕಾಯಿಲೆ ಅಂತ ಕಾಣ್ತದೆ" ಎಂದು ನಕ್ಕರು. "ಕೆತ್ತಿ ಔಷ್ದ ಬಳಿದ್ರಾಯ್ತು."

ಮೊದಲು ನಗೆಗೆ ಹೇಳಿದ್ದೇ. ಆದರೆ ಹೇಳಿದ ಮೇಲೆ ಅವರಿಗೇ ಅದು ಸರಿ ಎನಿಸಿತು. ಕುಡುಗೋಲಿನ ತುದಿಯಿಂದ ಒಂದೊಂದೇ ಗುಳ್ಳೆಯನ್ನು ಕೆರೆದು, ಗಾಯವನ್ನು ಬಟ್ಟೆಯಿಂದ ಒರೆಸಿ, ಒಳಗೂ ಹೊರಗೂ ನೀಲಿ ಮುಲಾಮನ್ನು ದಪ್ಪಗೆ ಮೆತ್ತಿದರು. ಅತ್ತೆ ಬಕೆಟ್ಟು ಹಿಡಿದರು. ಇಷ್ಟೂ ವರ್ಷ ಮರಗಳನ್ನು ಬದುಕಿಸಿದ ಔಷಧಿ, ಅದರ ಮೇಲೆ ನಮ್ಮ ಮನೆಯಲ್ಲಿ ದೇವರ ತೀರ್ಥದಷ್ಟೇ ನಂಬಿಕೆ. ನನಗೂ ಧೈರ್ಯ ಬಂತು. ಅಂತೂ ಏನೋ ಒಂದು ಮಾಡಿದರಲ್ಲ ಎಂದು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಆ ಧೈರ್ಯ ಹೆಚ್ಚು ದಿನ ಉಳಿಯಲಿಲ್ಲ. ಹಬ್ಬ ಕಳೆದ ಮೇಲೆ ಸಣ್ಣ ಸಣ್ಣ ವಿಷಯಗಳು ನನ್ನನ್ನು ಕುಟುಕತೊಡಗಿದವು. ಗಂಡ ಮನೆಗೆ ಬಂದಾಗ ಪಂಚೆಯ ಅಂಚು ಒದ್ದೆಯಾಗಿರುತ್ತಿತ್ತು. ಕೇಳಿದರೆ ಇಳಿಯುವಾಗ ಕಾಲು ನೀರಿಗೆ ಬಿತ್ತು ಎನ್ನುತ್ತಿದ್ದರು. ಅಡುಗೆಮನೆಯ ದೊಡ್ಡ ಚೆಂಬು ಕಾಣೆಯಾಯಿತು. ಕೇಳಿದರೆ ಅತ್ತೆ ತೋಟದಲ್ಲಿ ಬಿಟ್ಟು ಬಂದೆ ಎಂದರು. ದಿನಾ ಮನೆಯಲ್ಲೇ ಇರುತ್ತಿದ್ದ ಅತ್ತೆ ದಿನಾ ತೋಟಕ್ಕೆ ಹೊರಡತೊಡಗಿದರು. ದೋಣಿ ಹೋಗುವ ದಾರಿಯೂ ಬದಲಾಗಿತ್ತು. ಮೊದಲು ನೇರವಾಗಿ ಹೋಗುತ್ತಿದ್ದದ್ದು ಈಗ ಎಡಕ್ಕೆ ತಿರುಗಿ, ಅರ್ಧ ಮುಳುಗಿದ ಜಾಲಿ ಮರಗಳ ತಲೆಗಳನ್ನು ಬಳಸಿಕೊಂಡು ಸೊಟ್ಟಗೆ ಹೋಗುತ್ತಿತ್ತು. ಈಗೀಗ ಏರಿಯ ಮೇಲೆ ನಿಂತು, ದೋಣಿ ಜಾಲಿ ತಲೆಗಳ ಮರೆಗೆ ಸರಿಯುವ ತನಕ ನೋಡುತ್ತಿದ್ದ ನನಗೆ ಅದೊಂದು ಹೆಚ್ಚಿನ ಹಿಂಸೆ, ನೀರಿನ ಮೇಲಿರುವ ಹೊತ್ತು ಅಷ್ಟು ಜಾಸ್ತಿ.

"ನೆಟ್ಟಗೆ ಹೋಗಕ್ಕೆ ಏನು ದಾಡಿ ನಿಮಗೆ?" ಎಂದು ರೇಗಿದೆ.

"ಆ ಕಡೆ ಗಾಳಿ ಕಮ್ಮಿ ಕಣೇ" ಎಂದರು, ಮುಖ ನೋಡದೆ.

ದೋಣಿ ಸೋರುತ್ತಿದೆಯಾ ಎಂದು ನೇರವಾಗಿಯೇ ಕೇಳಿದೆ. ತಾಯಿ ಮಗ ಇಬ್ಬರೂ ಒಂದೇ ಬಾಯಲ್ಲಿ ಇಲ್ಲ ಎಂದರು. ಅಷ್ಟು ಬೇಗ ಬಂದ ಇಲ್ಲವನ್ನು ನಂಬಲು ನಾನೇನು ನಿನ್ನೆ ಮೊನ್ನೆ ಹುಟ್ಟಿದವಳೇ? ಆದರೂ ಸುಮ್ಮನಾದೆ. ನನ್ನ ಭಯ ಎಷ್ಟೋ ಸಲ ಬರೀ ಭಯವೇ ಆಗಿರುತ್ತದೆ. ಸುಳ್ಳು ಗಂಟೆ ಬಾರಿಸಿ ಬಾರಿಸಿ ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು.

ಕಾಯಿ ಕೀಳಿಸಿದ ದಿನ. ಗಂಡ, ಅತ್ತೆ ಇಬ್ಬರೂ ಆಚೆ ದಡದಲ್ಲಿದ್ದರು. ಮಧ್ಯಾಹ್ನ ಊಟ ಹಾಕಿಟ್ಟುಕೊಂಡು ನಾನು ಕಾಯುತ್ತಿದ್ದೆ. ಪಕ್ಕದ ಮನೆಯಾಕೆ ಹಿತ್ತಲ ಬಾಗಿಲಿಗೆ ಬಂದು, ಅವರ ಎರಡು ಮರಕ್ಕೂ ರಸ ಸೋರುತ್ತಿದೆ, ಒಂದಿಷ್ಟು ಮೈಲುತುತ್ತ ಇದ್ದರೆ ಕೊಡಿ ಎಂದರು. ಒಳಗಿಂದ ಪೊಟ್ಟಣ ತಂದೆ. ಆಕೆ ತನ್ನ ಕೈಯಲ್ಲಿದ್ದ ಪಾತ್ರೆಯನ್ನು ಮುಂದೆ ಹಿಡಿದು, "ಇದ್ರಲ್ಲೇ ಹಾಕ್ಬಿಡ್ರೀ, ಇಲ್ಲೇ ನೀರಾಕಿ ಕಲಸ್ಕಂಡು ಹೋಯ್ತೀನಿ" ಎಂದರು. ಹಳೆಯ ಅಲ್ಯೂಮಿನಿಯಂ ಪಾತ್ರೆ.

"ಅಯ್ಯೋ, ಇದ್ರಲ್ಲಿ ಬ್ಯಾಡ ಕಣ್ರೀ, ಪಾತ್ರೆ ತೂತು ಬಿದ್ದೋಗ್ತದೆ" ಎಂದೆ. "ಮೈಲುತುತ್ತ ತಾಮ್ರದ್ದು, ಪಾತ್ರೆನ ತಿಂದಾಕ್ಬುಡುತ್ತೆ. ಅದಕ್ಕೇ ಅಲ್ವಾ ನಾವು ಪ್ಲಾಸ್ಟಿಕ್ ಬಕೆಟ್ಟಲ್ಲಿ..."

ಮಾತು ಅಲ್ಲೇ ನಿಂತಿತು. ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದನ್ನು ಹೇಳಿಕೊಟ್ಟವರೇ ನನ್ನ ಗಂಡ. ಈ ಸೀಮೆಯಲ್ಲಿ ಮರ ಇರುವ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೂ ಮೂವರು ಸೇರಿಕೊಂಡು, ಕೆರೆದು, ಒರೆಸಿ, ಅಷ್ಟು ಮುತುವರ್ಜಿಯಿಂದ ಅದನ್ನು ದೋಣಿಗೆ ಮೆತ್ತಿದ್ದೆವು. ದೋಣಿ ಪಾತ್ರೆಯದೇ ಜಾತಿ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಗಾಯ ಕಂಡಿತು, ಔಷಧಿ ಹಚ್ಚಿದೆವು. ಅಷ್ಟು ಮರದ ಜನ ನಾವು.

ಪೊಟ್ಟಣ ಎಲ್ಲಿ ಬಿತ್ತೋ ಗೊತ್ತಿಲ್ಲ. ಏರಿಯ ಕಡೆಗೆ ಓಡಿದೆ. ಓಡುತ್ತಲೇ ಗಂಡನಿಗೆ ಫೋನು ಮಾಡಿದೆ, ರಿಂಗಾಯಿತು, ತೆಗೆಯಲಿಲ್ಲ. ಏರಿ ಹತ್ತಿ ನೋಡಿದರೆ ದೋಣಿ ಆಗಲೇ ನೀರಿನ ನಡುವೆ ಇತ್ತು. ಕಾಯಿ ತುಂಬಿತ್ತು. ಗಂಡ ಹಿಂದೆ ಕೂತು ಹುಟ್ಟು ಹಾಕುತ್ತಿದ್ದರು. ಅತ್ತೆ ಮುಂದೆ ಕೂತು ಬಗ್ಗಿ ಏಳುತ್ತಿದ್ದರು, ಬಗ್ಗಿ ಏಳುತ್ತಿದ್ದರು. ಒಂದು ಗಳಿಗೆ ಗಂಗಮ್ಮನಿಗೆ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಕೈಯಲ್ಲಿದ್ದದ್ದು ಫಳಕ್ಕನೆ ಹೊಳೆಯಿತು. ನನ್ನ ಚೆಂಬು. ಅತ್ತೆ ನೀರು ಮೊಗೆದು ಆಚೆ ಚೆಲ್ಲುತ್ತಿದ್ದರು.

ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಗಂಡ ತಲೆಯೆತ್ತಿ, ಹುಟ್ಟು ಬಿಟ್ಟು, ಕೈ ಮೇಲೆ ಮಾಡಿ ಬೀಸಿದರು, ಎಲ್ಲ ಸರಿ ಇದೆ ಎನ್ನುವ ಹಾಗೆ. ಅಷ್ಟರಲ್ಲಿ ದೋಣಿಯ ಹಿಂಭಾಗ ಕುಸಿಯಿತು. ಅಬ್ಬರ ಏನೂ ಇಲ್ಲ. ತುಂಬಿದ ಕೊಡವನ್ನು ಮೆಲ್ಲಗೆ ನೀರಿಗಿಳಿಸಿದ ಹಾಗೆ ಇಳಿಯಿತು. ಕಾಯಿಗಳೆಲ್ಲ ಎದ್ದು ತೇಲಿದವು. ಗಂಡ ಕಾಣಲಿಲ್ಲ. ನನ್ನ ಕಾಲು ಏರಿಯ ಕಲ್ಲಿಗೆ ಅಂಟಿಕೊಂಡಿತು. ಇಳಿಯಲೂ ಆಗಲಿಲ್ಲ, ಕೂಗಲೂ ಆಗಲಿಲ್ಲ. ಇಷ್ಟು ವರ್ಷ ದಿನಾ ಹೆದರಿ ಹೆದರಿ ನಾನು ಕಲಿತದ್ದೇನು? ಹೆದರಿಕೆ ನಿಜವಾದ ದಿನ ಕೈಕಾಲು ಆಡಲಿಲ್ಲ.

ಆಮೇಲೆ ಅವರ ತಲೆ ಕಂಡಿತು, ಆಮೇಲೆ ಭುಜ, ಎದೆ. ಅವರು ನಿಂತಿದ್ದರು. ಕೆರೆಯ ನಡುವೆ, ಎದೆಯುದ್ದ ನೀರಿನಲ್ಲಿ, ನೆಲದ ಮೇಲೆ ನಿಂತಿದ್ದರು! ತಾಯಿಯ ರಟ್ಟೆ ಹಿಡಿದು ಎತ್ತಿ ಪಕ್ಕಕ್ಕೆ ನಿಲ್ಲಿಸಿಕೊಂಡರು. ಅತ್ತೆ ಆ ಲೈಫ್ ಜಾಕೆಟ್ಟನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದರು. ಇಬ್ಬರೂ ಕಾಯಿಗಳ ನಡುವೆ ಒಂದೊಂದೇ ಹೆಜ್ಜೆ ಇಡುತ್ತ, ಸೊಟ್ಟಗೆ, ದೋಣಿ ಹೋಗುತ್ತಿದ್ದ ಹಾಗೆಯೇ ಜಾಲಿ ತಲೆಗಳನ್ನು ಬಳಸಿ ದಡದ ಕಡೆಗೆ ನಡೆದು ಬಂದರು. ಆಗ ನನಗೆ ಅರ್ಥವಾಯಿತು. ಮುಳುಗಿದ ಗಾಡಿದಾರಿಯ ಮೇಲೆ ನಡೆಯುತ್ತಿದ್ದರು. ದೋಣಿ ಇಷ್ಟು ದಿನ ಸೊಟ್ಟಗೆ ಹೋಗುತ್ತಿದ್ದದ್ದು ಗಾಳಿಗಲ್ಲ. ಮುಳುಗಿದರೆ ಕಾಲಿಗೆ ನೆಲ ಸಿಗಲಿ ಎಂದು ಆ ದಾರಿಯ ಮೇಲೆಯೇ ನಡೆಸುತ್ತಿದ್ದರು. ಅಂದರೆ ಮುಳುಗಬಹುದು ಎಂದು ಅವರಿಗೆ ಗೊತ್ತಿತ್ತು.

ದಡಕ್ಕೆ ಬಂದ ಅತ್ತೆಯ ಮೊದಲ ಮಾತು: "ಕಾಯೆಲ್ಲ ಕೋಡಿ ಕಡೆ ಹೋಯ್ತಾವೆ, ಯಾರಾರ ಅಡ್ಡ ನಿಂತ್ಕಳ್ರೋ." ನಾನು ಅವರ ಸೀರೆ ಹಿಂಡುತ್ತ ಅಳುತ್ತಿದ್ದೆ.

ಸಂಜೆ ಊರ ಗಂಡಸರು ಹಗ್ಗ ಹಾಕಿ ದೋಣಿಯನ್ನು ಎಳೆದು ತಂದರು. ಏರಿಯ ಬುಡದಲ್ಲಿ ಅದನ್ನು ಪಕ್ಕಕ್ಕೆ ನಿಲ್ಲಿಸಿದಾಗ, ನೀಲಿ ಮೆತ್ತಿದ ಜಾಗದಲ್ಲೆಲ್ಲ ಬಿಸಿಲು ತೂರಿ ಬಂದು ನೆಲದ ಮೇಲೆ ಚುಕ್ಕಿ ಚುಕ್ಕಿ ಬಿತ್ತು. ಕೆಲವು ಕಡೆ ತಗಡನ್ನು ಹೆಬ್ಬೆರಳಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಗಂಡ ಅದರ ಮುಂದೆ ಕೂತು ಒಂದೊಂದೇ ತೂತಿಗೆ ಬೆರಳಿಟ್ಟು ನೋಡಿದರು. ಪ್ಲಾಸ್ಟಿಕ್ ಬಕೆಟ್ಟಿನ ವಿಷಯ ಹೇಳಿದೆ. ಹಣೆ ಹಣೆ ಬಡಿದುಕೊಂಡರು. ನನಗೆ ಆಗ ದೋಣಿಯ ಮೇಲೆ ಸಿಟ್ಟಿರಲಿಲ್ಲ.

"ಯಾವತ್ತಿಂದ ಸೋರ್ತಿತ್ತು?"

"ಹಬ್ಬ ಆದ್ಮ್ಯಾಕೆ."

"ಅತ್ತೆಗೆ ಗೊತ್ತು?"

"ಹೂಂ."

"ಮನೇಲಿ ನಂಗೊಬ್ಬಳಿಗೆ ಗೊತ್ತಿಲ್ಲ! ನಾನೇನು ಬೀದೀಲಿ ಹೋಗೋಳಾ? ನಾನು ಮೂರು ಹೊತ್ತು ಏರಿ ಮೇಲೆ ನಿಂತು ಸಾಯ್ತಿದ್ರೆ, ನೀವಿಬ್ರೂ ಚೆಂಬಲ್ಲಿ ಮೊಗೀತಿದ್ರಾ?" ನನ್ನ ದನಿ ಎಷ್ಟು ಏರಿತೆಂದರೆ ಹಗ್ಗ ಸುತ್ತುತ್ತಿದ್ದ ಗಂಡಸರು ಅತ್ತ ಸರಿದರು.

"ಹೇಳ್ಬೇಕು ಅಂತ್ಲೇ ಇದ್ದೆ ಕಣೇ" ಎಂದರು. "ಒಂದು ದಿನ ಪಂಚೆ ವದ್ದೆಯಾದ್ರೆ ನೀನು ಊಟ ಬುಟ್ಟೆ. ಇದ ಹೇಳಿದ್ರೆ ಏನ್ ಗತಿ? ನಿನ್ ಮಕ ನೋಡಾಕಾಗಲ್ಲ ನಂಗೆ. ನೀನು ಹೆದ್ರೋದು ನೋಡಿದ್ರೆ ನಂಗೆ ಇನ್ನೂ ಹೆದ್ರಿಕೆ ಆಯ್ತದೆ."

ಹೆದರಿಕೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಇಷ್ಟು ದಿನ ಭಯವೆಲ್ಲ ನನ್ನೊಬ್ಬಳದೇ ಗುತ್ತಿಗೆ ಎಂದುಕೊಂಡಿದ್ದೆ. ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ನನ್ನ ಭಯಕ್ಕೆ ಹೆದರಿ ಇಬ್ಬರು ಮನುಷ್ಯರು ತೂತು ದೋಣಿಯಲ್ಲಿ ದಿನಾ ಬಾಯಿಮುಚ್ಚಿಕೊಂಡು ಕೂತಿದ್ದರಲ್ಲ.

ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದೆ: "ಇನ್ಮೇಲೆ ಏನೇ ಇದ್ರೂ ನಂಗೆ ಹೇಳ್ಬೇಕು. ಮುಚ್ಚಿಡಂಗಿಲ್ಲ."

"ನೀನು ಕೂಗಾಡಬಾರ್ದು ಮತ್ತೆ. ಅಳಬಾರ್ದು."

"ಕೂಗಾಡಲ್ಲ. ಅಳಲ್ಲ."

"ದೇವ್ರಾಣೆಗೂ?"

"ದೇವ್ರಾಣೆಗೂ."

ಅವರು ಮುದ್ದೆ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿದರು. ಅತ್ತೆ ಒಳಗೆ ಮಲಗಿದ್ದರು. ಗಂಡ ಆ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಅವ್ವಂಗೂ ಹೇಳಿಲ್ಲ" ಎಂದರು. "ಹುಟ್ಟಾಕುವಾಗ ಎದೆ ಹಿಡ್ಕಂಡಂಗೆ ಆಯ್ತದೆ ಕಣೇ. ಎಡಗೈ ಜೋಮು ಹಿಡೀತದೆ. ಒಂದು ತಿಂಗಳಾಯ್ತು."

ಸಾರಿನ ಸೌಟು ನನ್ನ ಕೈಯಲ್ಲಿತ್ತು. ಕೂಗು ಗಂಟಲ ತನಕ ಬಂತು. ಅದನ್ನು ಹೇಗೋ ನುಂಗಿದೆ. ಅವರ ತಟ್ಟೆಗೆ ಸಾರು ಬಿಟ್ಟೆ.

"ಈಗ ನೋಯ್ತಾ ಐತಾ?" ಎಂದು ಕೇಳಿದೆ, ಆದಷ್ಟು ಮೆತ್ತಗೆ.

"ಒಸಿ" ಎಂದರು.

ಎದ್ದು ಹೋಗಿ ಪಕ್ಕದ ಮನೆಯವರ ಬಾಗಿಲು ತಟ್ಟಿ, ತಿಪಟೂರಿನ ಆಸ್ಪತ್ರೆಗೆ ಈಗಲೇ ಕಾರು ಬೇಕು ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು. ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡು ಕೂತಿದ್ದೆ. ಎರಡು ಸಲ ನನ್ನ ಮುಖವನ್ನೇ ನೋಡಿದರು, ಅಳುತ್ತಿದ್ದೇನೋ ಎಂದು. ನಾನು ಅಳಲಿಲ್ಲ.